ಪಂಡಿತಾ ರಮಾಬಾಯಿ: ಗಂಗಾಮೂಲದಿಂದ ಕೇಡಗಾಂವದವರೆಗೆ

ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಹೆಸರನ್ನು ನಾವೆಲ್ಲ ಭೂಗೋಳದ ಪಾಠದಲ್ಲಿ ಓದಿದ್ದೇವೆ. ಅದೇ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದ ಹೆಣ್ಣುಮಗುವೊಂದರ ಕಥೆಯನ್ನು ಮಾತ್ರ ನಮ್ಮಲ್ಲಿ ಬಲ್ಲವರು ಕಡಿಮೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಹೇಳಿದಾಗ ನನಗೆ ಮೊದಲು ನೆನಪಾದವರು ಈ ಪಂಡಿತಾ ರಮಾಬಾಯಿಯವರೇ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ತಮ್ಮವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನ ಹಾಕಿ ಹಾಕಿ ಕೈ ಬರಿದಾದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಆಗ ರಮಾಬಾಯಿ ಆರು ತಿಂಗಳ ಕೂಸು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರಂತೆ. ಪುರಾಣ ಓದಿ ಬಂದ ದಕ್ಷಿಣೆಯಲ್ಲೇ ಜೀವನ. ತಾಯಿ ಲಕ್ಷ್ಮೀಬಾಯಿಯೇ ಗುರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಗೆ ಬಾಯಿಪಾಠವಾಗಿದ್ದವು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಊರೂರು ನಡೆದು 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹೆಣ್ಣುಮಗಳನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಸ್ವಲ್ಪ ದಿನದಲ್ಲೇ ಅಣ್ಣನೂ ಹೋದ. 1880ರಲ್ಲಿ ಜಾತಿ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಅವರನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆಯ ಮಡಿಲಲ್ಲಿ ಉಳಿದದ್ದು ಮಗಳು ಮನೋರಮಾ ಒಬ್ಬಳೇ.

ಪುಣೆಗೆ ಬಂದು ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜ ಕಟ್ಟಿದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಮಹಿಳಾ ವೈದ್ಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯಕೀಯ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದ ಕಾರಣ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಇಲ್ಲಿಂದ ಮುಂದಿನ ಕಥೆಯೇ ನನ್ನ ಮನಸ್ಸನ್ನು ಹಿಡಿದದ್ದು. ಊರಿನಲ್ಲಿ ಅನೇಕರು ಅವರನ್ನು ಮತಭ್ರಷ್ಟೆ ಎಂದರು. ಇತ್ತ ಇಂಗ್ಲೆಂಡಿನ ಚರ್ಚಿನವರಿಗೂ ಅವರು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೆಂಗಸಾಗಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ ಅವರು ಪ್ರತಿಭಟಿಸಿದರು. ತಾನು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬದಲು ಸಂಸ್ಕೃತ ಅಕ್ಷರ ಇರಲಿ ಎಂದು ಹಟ ಹಿಡಿದರು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ದೇವರಿಗೆ ವಿಧೇಯಳು, ಆದರೆ ಪಾದ್ರಿಗಳು ಹೇಳಿದ್ದನ್ನೆಲ್ಲ ತನ್ನ ಆತ್ಮಸಾಕ್ಷಿಗೆ ವಿರುದ್ಧವಾಗಿ ಒಪ್ಪಲಾರೆ ಎಂಬುದೇ ಅವರ ನಿಲುವು. ದೀಕ್ಷೆಯ ದಿನ ತನಗೆ ಸಿಕ್ಕಿದ್ದು ಒಂದು ಧರ್ಮ, ಕ್ರಿಸ್ತನೇ ಸಿಕ್ಕಿದ್ದು ಎಂಟು ವರ್ಷಗಳ ಬಳಿಕ ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ತನ್ನ ಬಗ್ಗೆ ಇಷ್ಟು ನೇರವಾಗಿ ಬರೆಯುವವರು ಯಾವ ಮತದಲ್ಲೂ ಹೆಚ್ಚಿಲ್ಲ.

ಅಮೆರಿಕಾದಲ್ಲಿ ಸಹಾಯಧನ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ರಾನಡೆ, ಭಂಡಾರಕರ್ ಅವರಂಥವರು ಸಲಹೆಗಾರರಾಗಿದ್ದರು. ಸದನದಲ್ಲಿ ಮತಬೋಧನೆ ಇರಲಿಲ್ಲ. ಆದರೆ ರಮಾಬಾಯಿ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. 1893ರಲ್ಲಿ ಇದೇ ದೊಡ್ಡ ಗಲಾಟೆಯಾಯಿತು. ಸಲಹೆಗಾರರು ರಾಜೀನಾಮೆ ಕೊಟ್ಟರು, ಎಷ್ಟೋ ಪೋಷಕರು ಮಕ್ಕಳನ್ನು ಕರೆದೊಯ್ದರು. ನಂಬಿ ಕಳಿಸಿದ ತಂದೆತಾಯಿಯರ ಆತಂಕವೂ ಸುಳ್ಳಲ್ಲ ಎನ್ನಬೇಕು. ಬಾಗಿಲು ಮುಚ್ಚಿ ಪ್ರಾರ್ಥಿಸಿದ್ದರೆ ಅವರ ಬೆಂಬಲವೂ ಉಳಿಯುತ್ತಿತ್ತು, ಗೌರವವೂ ಉಳಿಯುತ್ತಿತ್ತು. ಅವರು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಿತು. ಬಾಲ್ಯದ ಹಸಿವು ಬಲ್ಲ ರಮಾಬಾಯಿ ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವದ ಹೊಲದಲ್ಲಿ ಮುಕ್ತಿ ಸದನ ಎದ್ದಿತು. 1900ರ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ. ನೇಯ್ಗೆ, ಎಣ್ಣೆಗಾಣ, ಹೈನುಗಾರಿಕೆ, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಪಾಠ ಎಲ್ಲವೂ ನಡೆಯುತ್ತಿದ್ದವು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲೂ ಒಂದು ಶಾಲೆ ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆ.

ಕೊನೆಯ ವರ್ಷಗಳನ್ನೆಲ್ಲ ಅವರು ಬೈಬಲಿನ ಮರಾಠಿ ಅನುವಾದಕ್ಕೆ ಕೊಟ್ಟರು. ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿ ಆಗಬೇಕು ಎಂಬುದು ಹಟ. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಮೊಳೆ ಜೋಡಿಸಿ ಅಚ್ಚು ಹಾಕಿದವರು ಬರದಿಂದ ಬದುಕಿ ಬಂದ ಹುಡುಗಿಯರೇ. 1921ರಲ್ಲಿ ಮನೋರಮಾ ತೀರಿಕೊಂಡಳು. ಒಬ್ಬಳೇ ಮಗಳನ್ನು ಮಣ್ಣು ಮಾಡಿದ ತಾಯಿ ಮತ್ತೆ ಕರಡು ತಿದ್ದಲು ಕುಳಿತರು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು. ಎರಡು ವರ್ಷದ ನಂತರ ಅವರ ಬೈಬಲ್ ಪೂರ್ಣವಾಗಿ ಹೊರಬಂತು. ಕೇಡಗಾಂವದ ಮುಕ್ತಿ ಸದನದಲ್ಲಿ ಇಂದಿಗೂ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆ ಸಿಗುತ್ತಿದೆ.