ನೀರಿನಿಂದ ಓಡುವ ಕಾರು ನಿಜವೇ? ಉತ್ತರ ಸಿಗುವುದು ಗ್ರೋವ್ ಬದುಕಿನಲ್ಲಿ

ಪೆಟ್ರೋಲ್ ಬೇಡ, ಒಂದು ಬಾಟಲಿ ನೀರು ಹಾಕಿದರೆ ಸಾಕು, ಕಾರು ಓಡುತ್ತದೆ ಎನ್ನುವ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದನ್ನು ನಂಬಿ ಬೈಕಿಗೆ ಕಿಟ್ ಹಾಕಿಸಲು ದುಡ್ಡು ಕೊಡುವ ಮುನ್ನ ವಿಲಿಯಂ ರಾಬರ್ಟ್ ಗ್ರೋವ್ ಅವರ ಕಥೆ ಓದಿ.

ಗ್ರೋವ್ ಹುಟ್ಟಿದ್ದು 1811ರ ಜುಲೈ 11ರಂದು, ವೇಲ್ಸ್‌ನ ಸ್ವಾನ್ಸಿಯಲ್ಲಿ. ವೃತ್ತಿಯಲ್ಲಿ ವಕೀಲರು. ಆರೋಗ್ಯ ಕೈಕೊಟ್ಟು ಕೋರ್ಟಿನಿಂದ ದೂರ ಉಳಿದಾಗ ವಿಜ್ಞಾನದ ಕಡೆ ಹೊರಳಿದರು. ನೀರಿಗೆ ವಿದ್ಯುತ್ ಹರಿಸಿದರೆ ಹೈಡ್ರೋಜನ್, ಆಕ್ಸಿಜನ್ ಬೇರೆಯಾಗುತ್ತವೆ ಎಂಬುದು ಆಗಲೇ ಗೊತ್ತಿತ್ತು. ಅವೆರಡನ್ನೂ ಮತ್ತೆ ಸೇರಿಸಿದರೆ ವಿದ್ಯುತ್ ವಾಪಸ್ ಬರಬೇಕಲ್ಲವೇ? 1839ರಲ್ಲಿ ಅವರು ಇದನ್ನು ಪರೀಕ್ಷಿಸಿದರು, ವಿದ್ಯುತ್ ಬಂತು! 1842ರಲ್ಲಿ ಇಂಥ ಹಲವು ಘಟಕಗಳನ್ನು ಜೋಡಿಸಿ ಅನಿಲ ಬ್ಯಾಟರಿ ಕಟ್ಟಿದರು. ಇಂದಿನ ಫ್ಯೂಯಲ್ ಸೆಲ್‌ನ ಮೂಲ ಇದೇ. ಅದೇ ಕಾಲದಲ್ಲಿ ಷೋನ್‌ಬೈನ್ ಎಂಬ ವಿಜ್ಞಾನಿಯೂ ಇದೇ ಪರಿಣಾಮವನ್ನು ಗಮನಿಸಿದ್ದರು.

ಗ್ರೋವ್ ಬಳಸಿದ್ದು ಪ್ಲಾಟಿನಂ ಪಟ್ಟಿ. ಈ ಲೋಹ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಅಂದರೆ ವೇಗವರ್ಧಕ. ಅನಿಲ, ದ್ರವ, ಲೋಹ ಮೂರೂ ಕೂಡುವ ಜಾಗದಲ್ಲೇ ಕೆಲಸ ನಡೆಯುತ್ತದೆ, ಆ ಜಾಗ ಹೆಚ್ಚಬೇಕು ಎಂಬುದನ್ನು ಅವರು ಅಂದೇ ಕಂಡುಕೊಂಡರು. ಇಂದು ಪ್ಲಾಟಿನಂ ಅನ್ನು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಕಾರ್ಬನ್ ಪುಡಿಯ ಮೇಲೆ ಕೂರಿಸುವುದು ಇದಕ್ಕೇ. ದುಬಾರಿ ಲೋಹ ಕಡಿಮೆ ಸಾಕು. ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ತಯಾರಿಸಿದರೆ ಎಲ್ಲ ಕಡೆ ಬಿಸಿ ಸಮನಾಗಿ ತಾಗದೆ ಕಣಗಳ ಗಾತ್ರ ಏರುಪೇರಾಗಬಹುದು. ಅದಕ್ಕೇ ಸಣ್ಣ ಕೊಳವೆಯಲ್ಲಿ ನಿರಂತರವಾಗಿ ಹರಿಸುತ್ತಾ ತಯಾರಿಸುವ ವಿಧಾನ ಬಂದಿದೆ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ ಒಂದೇ ಸಮನೆ ಬರುವ ಹಾಗೆ!

1846ರಲ್ಲಿ ಗ್ರೋವ್ ಒಂದು ಪುಸ್ತಕ ಪ್ರಕಟಿಸಿದರು. ಬಿಸಿ, ಬೆಳಕು, ವಿದ್ಯುತ್ ಒಂದರಿಂದ ಇನ್ನೊಂದಾಗಿ ಬದಲಾಗುತ್ತವೆ, ಯಾವುದೂ ಶೂನ್ಯದಿಂದ ಹುಟ್ಟುವುದಿಲ್ಲ ಎಂಬುದು ಅದರ ಸಾರ. ಮತ್ತೆ ವಕೀಲಿಗೆ ಮರಳಿ 1871ರಲ್ಲಿ ನ್ಯಾಯಾಧೀಶರಾದರು. 1896ರ ಆಗಸ್ಟ್ 1ರಂದು ತೀರಿಕೊಂಡರು.

ಹಾಗಾದರೆ ವಿಡಿಯೋ? ಫ್ಯೂಯಲ್ ಸೆಲ್ ಕಾರಿಗೆ ಹಾಕುವುದು ಹೈಡ್ರೋಜನ್, ಹೊರಬರುವುದು ನೀರು. ವಿಡಿಯೋ ಇದನ್ನು ತಿರುಗುಮುರುಗು ಮಾಡಿದೆ. ನೀರೆಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ ಇದ್ದಂತೆ. ಮುನಿರಾಬಾದಿನಲ್ಲಿ ಟರ್ಬೈನ್ ತಿರುಗಿಸಿ ಕೆಳಗಿಳಿದ ತುಂಗಭದ್ರೆಯ ನೀರಿನಿಂದ ಅಲ್ಲೇ ಮತ್ತೆ ಕರೆಂಟ್ ಬೇಕೆಂದರೆ, ಪಂಪ್ ಹಾಕಿ ಮೇಲೆತ್ತಬೇಕು. ಸಿಗುವುದಕ್ಕಿಂತ ಹೆಚ್ಚು ಕರೆಂಟ್ ಅದಕ್ಕೇ ಖರ್ಚು. ನೀರನ್ನು ಒಡೆದು ಕಾರು ಓಡಿಸುವ ಲೆಕ್ಕವೂ ಇಷ್ಟೇ.

ಆ ವಿಡಿಯೋ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ, ಈ ಕಥೆ ಕಳಿಸಿ. ಯಾರದೋ ದುಡ್ಡು ಉಳಿದೀತು.