ಗಗನವೀರ ದೇವಯ್ಯ

ಸಹ್ಯಾದ್ರಿಯ ಮಡಿಲಲ್ಲಿರುವ ಕೊಡಗು ಕಾವೇರಿಯ ತವರು. ವೀರಯೋಧರ ತವರೂ ಹೌದು. ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೊಡವರು ತಮ್ಮ ಮನೆಯ ಆಯುಧಗಳಿಗೆ ಪೂಜೆ ಸಲ್ಲಿಸುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಮೊದಲಾದ ಸೇನಾನಿಗಳು ಈ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದವರು. ಅದೇ ನಾಡಿನ ಇನ್ನೊಬ್ಬ ವೀರನ ಸಾಹಸವು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮನ್ನಣೆ ಪಡೆಯದೆ ಉಳಿದಿತ್ತು. ಆತನೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಜನಿಸಿದರು. ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು. ತಂದೆ ಬೋಪಯ್ಯನವರು ವೈದ್ಯರು. ಮಗನನ್ನು ಸೆಳೆದದ್ದು ಆಕಾಶ. ಆಗಿನ್ನೂ ಸ್ವತಂತ್ರ ಭಾರತದ ವಾಯುಪಡೆ ಬೆಳೆಯುತ್ತಿದ್ದ ಕಾಲ. 1954ರಲ್ಲಿ ದೇವಯ್ಯನವರು ವೈಮಾನಿಕ ಅಧಿಕಾರಿಯಾಗಿ ವಾಯುಪಡೆಯನ್ನು ಸೇರಿದರು. ಅವರು ಹಾರಾಟದಲ್ಲಿ ನಿಪುಣರಾದುದಷ್ಟೇ ಅಲ್ಲದೆ, ತರುಣ ವೈಮಾನಿಕರಿಗೆ ಆ ವಿದ್ಯೆಯನ್ನು ಕಲಿಸುವ ಶಿಕ್ಷಕರೂ ಆದರು. ಪತ್ನಿ ಸುಂದರಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಅವರ ಸಂಸಾರ ನೆಮ್ಮದಿಯಿಂದ ಸಾಗಿತ್ತು.

1965ರ ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನದ ನುಸುಳುಕೋರರು ಕಾಶ್ಮೀರವನ್ನು ಪ್ರವೇಶಿಸಿದರು. ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ಟ್ಯಾಂಕುಗಳ ದಾಳಿ ನಡೆಯಿತು. ಭಾರತದ ಸೇನೆ 6ರಂದು ಲಾಹೋರಿನತ್ತ ಮುನ್ನಡೆಯಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆ ಎರಗಿದವು. ಇದಕ್ಕೆ ಪ್ರತ್ಯುತ್ತರವಾಗಿ, ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾದ ಮೇಲೆ ಮರುದಿನ ಬೆಳಗಿನ ಜಾವ ದಾಳಿ ಮಾಡಬೇಕೆಂಬ ಆಜ್ಞೆ ಪಂಜಾಬಿನ ಆದಂಪುರ ನೆಲೆಯಲ್ಲಿದ್ದ 1ನೇ ಸ್ಕ್ವಾಡ್ರನ್ನಿಗೆ ಬಂದಿತು. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅದರ ನಾಯಕರು.

ಈ ಕಾರ್ಯಕ್ಕೆ ಹನ್ನೆರಡು ಮಿಸ್ಟಿಯರ್ ವಿಮಾನಗಳು ಗೊತ್ತಾದವು. ಮಿಸ್ಟಿಯರ್ ಎಂಬುದು ಫ್ರಾನ್ಸ್ ದೇಶದಲ್ಲಿ ತಯಾರಾದ, ಒಬ್ಬನೇ ವೈಮಾನಿಕ ಕುಳಿತುಕೊಳ್ಳುವ ಯುದ್ಧವಿಮಾನ. ಸರ್ಗೋಧಾ ಬಹು ದೂರದಲ್ಲಿದ್ದುದರಿಂದ, ಹೋಗಿಬರುವಷ್ಟಕ್ಕೇ ಅದರ ಇಂಧನ ಸಾಲುತ್ತಿತ್ತು. ದಾರಿಯಲ್ಲಿ ಕಾದಾಟಕ್ಕೆ ನಿಂತವನು ಮರಳುವುದು ಕಷ್ಟವೆಂಬುದು ಎಲ್ಲರಿಗೂ ತಿಳಿದಿತ್ತು. ಆ ಹನ್ನೆರಡು ಮಂದಿಯಲ್ಲಿ ದೇವಯ್ಯನವರು ಇರಲಿಲ್ಲ. ಯಾರಾದರೂ ಹಿಂದುಳಿದರೆ ಅವರ ಸ್ಥಾನವನ್ನು ತುಂಬಲು ಅವರನ್ನು ಮೀಸಲಾಗಿ ಇರಿಸಲಾಗಿತ್ತು.

ಸೆಪ್ಟೆಂಬರ್ 7ರ ಬೆಳಕು ಹರಿಯುವ ಮೊದಲೇ ವಿಮಾನಗಳು ಕತ್ತಲಲ್ಲಿ ಮೇಲೇರಿದವು. ಹನ್ನೆರಡರಲ್ಲಿ ಒಂದು ಹಿಂದೆ ಸರಿಯಬೇಕಾಯಿತು. ಆ ಸ್ಥಾನಕ್ಕೆ ದೇವಯ್ಯನವರು ಹೊರಟರು. ಸರ್ಗೋಧಾದ ಮೇಲೆ ದಾಳಿ ನಡೆಯಿತು. ಬೆಳಗಾದ ಮೇಲೆ ಮಿಸ್ಟಿಯರ್‌ಗಳು ಒಂದೊಂದಾಗಿ ಆದಂಪುರಕ್ಕೆ ಬಂದಿಳಿದವು. ದೇವಯ್ಯನವರ ವಿಮಾನ ಮಾತ್ರ ಬರಲಿಲ್ಲ. ಅದಕ್ಕೇನಾಯಿತೆಂಬುದನ್ನು ಕಂಡವರು ಯಾರೂ ಇರಲಿಲ್ಲ. ವಾಯುಪಡೆಯ ದಾಖಲೆಗಳಲ್ಲಿ ಅವರ ಹೆಸರು ಕಾಣೆಯಾದವರ ಸಾಲಿಗೆ ಸೇರಿತು.

ಮರಣದ ವಾರ್ತೆ ಘೋರವಾದುದು; ಯಾವ ವಾರ್ತೆಯೂ ಬಾರದಿರುವುದು ಅದಕ್ಕಿಂತಲೂ ಘೋರ. ಅದೇ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪುತ್ರನ ವಿಮಾನವೂ ಉರುಳಿತ್ತು. ಆದರೆ ಆತ ಶತ್ರುವಿನ ಸೆರೆಯಲ್ಲಿದ್ದು 1966ರಲ್ಲಿ ಬಿಡುಗಡೆಗೊಂಡು ಬಂದನು. ಹಾಗೆ ಮರಳಿದವರಲ್ಲಿ ದೇವಯ್ಯನವರು ಇರಲಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ಮನೆ ಬಿಟ್ಟುಹೋದ ಪತಿಯ ಅಂತ್ಯ ಹೇಗಾಯಿತೆಂಬುದನ್ನು ಅರಿಯದೆಯೇ ಸುಂದರಿಯವರು ಎಳೆಯ ಮಕ್ಕಳನ್ನು ಸಾಕಿ ಸಲಹಬೇಕಾಯಿತು. ಮಕ್ಕಳು ತಂದೆಯಿಲ್ಲದೆ ಬೆಳೆದರು.

ವರ್ಷಗಳು ಉರುಳಿದವು. ಸತ್ಯ ಹೊರಬಿದ್ದುದು ಯಾರೂ ನಿರೀಕ್ಷಿಸದ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆ ವಹಿಸಿದ ಪಾತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಸೆಪ್ಟೆಂಬರ್ 7ರ ಬೆಳಿಗ್ಗೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಭಾರತದ ಮಿಸ್ಟಿಯರ್‌ನೊಡನೆ ಕಾದಾಡಿ ನೆಲಕ್ಕುರುಳಿತೆಂಬ ಸಂಗತಿ ಅದರಲ್ಲಿತ್ತು. ಮರಳಿ ಬಂದಿದ್ದ ವೈಮಾನಿಕರಲ್ಲಿ ಯಾರೊಬ್ಬರೂ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿರಲಿಲ್ಲ. ಹಾಗಾದರೆ ಆ ಮಿಸ್ಟಿಯರ್‌ನಲ್ಲಿದ್ದವರು ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟಿಯರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಸರ್ಗೋಧಾದಿಂದ ಮರಳುತ್ತಿದ್ದ ದೇವಯ್ಯನವರ ಮೇಲೆ ಅಮ್ಜದ್ ಹುಸೇನ್ ಎಂಬ ವೈಮಾನಿಕ ತನ್ನ ಸ್ಟಾರ್‌ಫೈಟರ್‌ನಿಂದ ಗುಂಡಿನ ಮಳೆಗರೆದನು. ಮಿಸ್ಟಿಯರ್‌ಗೆ ಪೆಟ್ಟು ಬಿದ್ದಿತು. ಅದರ ಕಥೆ ಮುಗಿಯಿತೆಂದು ಭಾವಿಸಿ ಆತ ಇತರ ವಿಮಾನಗಳತ್ತ ತಿರುಗಿದನು. ಆದರೆ ಗಾಯಗೊಂಡ ವಿಮಾನವನ್ನು ದೇವಯ್ಯನವರು ಕೈಬಿಟ್ಟಿರಲಿಲ್ಲ. ಕೆಳಮಟ್ಟದಲ್ಲಿ ಬಿಗಿಯಾಗಿ ತಿರುಗಬಲ್ಲ ತಮ್ಮ ವಿಮಾನದ ಗುಣವನ್ನು ಬಳಸಿಕೊಂಡು, ತಮಗಿಂತ ಎಷ್ಟೋ ಬಲಶಾಲಿಯಾದ ಶತ್ರುವನ್ನು ಎದುರಿಸಿ ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ನೆಲಕ್ಕುರುಳಿತು. ಅದರ ವೈಮಾನಿಕ ಪ್ಯಾರಾಚೂಟಿನ ನೆರವಿನಿಂದ ಬದುಕಿಕೊಂಡನು. ದೇವಯ್ಯನವರು ಉಳಿಯಲಿಲ್ಲ. ಹೊಲದಲ್ಲಿ ಬಿದ್ದಿದ್ದ ಅವರ ದೇಹವನ್ನು ಅಲ್ಲಿನ ಹಳ್ಳಿಗರು ಮಣ್ಣು ಮಾಡಿದರೆಂದು ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ಮುಂದೆ ಬರೆದರು.

ಈ ಸಂಗತಿ ತಿಳಿದ ಮೇಲೆ ತನೇಜಾ ಅವರು ಸುಮ್ಮನಿರಲಿಲ್ಲ. ತಮ್ಮ ಅಧೀನದಲ್ಲಿದ್ದು ಮಡಿದ ವೀರನಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕೆಂದು ಸರ್ಕಾರಕ್ಕೆ ಬರೆದರು. ವಾಯುಪಡೆ ವಿಷಯವನ್ನು ಪರಿಶೀಲಿಸಿತು. ಯುದ್ಧ ನಡೆದು 23 ವರ್ಷಗಳಾದ ಬಳಿಕ, 1988ರಲ್ಲಿ, ಪರಮವೀರ ಚಕ್ರದ ನಂತರದ ಅತ್ಯುನ್ನತ ಯುದ್ಧಗೌರವವಾದ ಮಹಾವೀರ ಚಕ್ರವನ್ನು ದೇವಯ್ಯನವರಿಗೆ ಮರಣೋತ್ತರವಾಗಿ ನೀಡಲಾಯಿತು. ಪತಿಯ ಪರವಾಗಿ ಸುಂದರಿಯವರು ಅದನ್ನು ಸ್ವೀಕರಿಸಿದರು. ತಂದೆ ಹೋದಾಗ ಏನನ್ನೂ ಅರಿಯದ ವಯಸ್ಸಿನಲ್ಲಿದ್ದ ಮಕ್ಕಳು ಆ ವೇಳೆಗೆ ಬೆಳೆದು ದೊಡ್ಡವರಾಗಿದ್ದರು.

ಮಡಿಕೇರಿಯ ವೃತ್ತವೊಂದು ಇಂದು ದೇವಯ್ಯನವರ ಹೆಸರನ್ನು ಹೊತ್ತಿದೆ. ಆದರೆ ಅವರ ದೇಹ ಕೊಡಗಿನ ಮಣ್ಣನ್ನು ಸೇರಲಿಲ್ಲ. ಮೆಚ್ಚುವವರ ಎದುರಿನಲ್ಲಿ ಧೈರ್ಯ ತೋರುವುದು ಸುಲಭ. ನೋಡುವವರಿಲ್ಲದ ಆಕಾಶದಲ್ಲಿ, ಯಾರಿಗೂ ತಿಳಿಯದೆ ಹೋಗಬಹುದಾದ ಹೋರಾಟದಲ್ಲಿ, ದೇವಯ್ಯನವರು ತಮ್ಮ ಕರ್ತವ್ಯವನ್ನು ಪೂರ್ತಿಯಾಗಿ ನೆರವೇರಿಸಿದರು. ಅದಕ್ಕೆ ಕೊನೆಗೆ ಸಾಕ್ಷಿ ನುಡಿದದ್ದು ಶತ್ರುಪಕ್ಷದ ಇತಿಹಾಸವೇ.