ಸೀತಾಳೆಯ ಬೀಜ ಎಣಿಸಿದ ಡಾರ್ವಿನ್

ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆ ದಂಡೆಯನ್ನು ತಾವು ಕಂಡಿರುತ್ತೀರಿ. ಅದು ಆರ್ಕಿಡ್ ಜಾತಿಯ ಹೂವು. ಅದೇ ಬಳಗದ ಕೆಲವು ಗಿಡಗಳು ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ, ಮಣ್ಣಿನೊಳಗೆ ಗೆಡ್ಡೆ ಬಿಟ್ಟು, ಹಿಮವನ್ನೂ ತಾಳಿಕೊಂಡು ಬೆಳೆಯುತ್ತವೆ. ಚಾರ್ಲ್ಸ್ ಡಾರ್ವಿನ್ ಮನಸೋತದ್ದು ಇವುಗಳಿಗೆ.

ಇವರು 1809ರಲ್ಲಿ ಶ್ರೂಸ್‌ಬರಿಯ ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟರು. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಭೂಮಿ ಸುತ್ತಿದರು. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿ ಸೇರಿದವರು ಕೊನೆಯವರೆಗೂ ಅಲ್ಲಿಯೇ ಉಳಿದರು. 1859ರಲ್ಲಿ ಬಂದ ಜೀವವಿಕಾಸದ ಗ್ರಂಥ ಎಬ್ಬಿಸಿದ ಗದ್ದಲ ಎಲ್ಲರಿಗೂ ಗೊತ್ತು. ಅದು ಇಲ್ಲಿ ಬೇಡ.

ಊರಿನ ಹತ್ತಿರ ಸುಣ್ಣಕಲ್ಲಿನ ದಿಬ್ಬವೊಂದಿತ್ತು. ಅಲ್ಲಿ ಆರ್ಕಿಡ್ ಸಮೃದ್ಧ. ಸದಾ ಕಾಯಿಲೆಯ ಮನುಷ್ಯನಾದರೂ ಡಾರ್ವಿನ್ ಹೂಗಳನ್ನು ಬಿಡಲಿಲ್ಲ. ಒಂದು ಗಿಡಕ್ಕೆ ಗಾಜಿನ ಮುಚ್ಚಳ ಕವುಚಿ, ಪಕ್ಕದ ಮೂರನ್ನು ತೆರೆದಿಟ್ಟರು. ತೆರೆದವುಗಳ ಪರಾಗವನ್ನು ಹುಳುಗಳು ದಿನವೂ ಹೊತ್ತೊಯ್ದವು. ಮುಚ್ಚಿದ ಗಿಡದ್ದು ಇದ್ದಲ್ಲೇ ಉಳಿಯಿತು. ಮೊನಚು ಪೆನ್ಸಿಲನ್ನು ಹೂವಿನೊಳಗೆ ತೂರಿಸಿದರೆ ಪರಾಗದ ಗಂಟು ತುದಿಗೆ ಅಂಟಿ ಬರುತ್ತಿತ್ತು. ಸುಮಾರು ಅರ್ಧ ನಿಮಿಷದಲ್ಲಿ ಅದು ತಾನಾಗಿ ಮುಂದಕ್ಕೆ ಬಾಗುತ್ತಿತ್ತು. ಮುಂದಿನ ಹೂವಿನ ಸರಿಯಾದ ಜಾಗಕ್ಕೆ ತಗಲಲು ಆ ಬಾಗು ಬೇಕೇ ಬೇಕು! ಇದೆಲ್ಲ 1862ರಲ್ಲಿ ಪುಸ್ತಕವಾಯಿತು.

ಬೀಜವನ್ನೂ ಎಣಿಸಿದರು. ಒಂದು ಕಾಯಿಯಲ್ಲಿ ಸುಮಾರು 6,200. ಮೂವತ್ತು ಕಾಯಿಯ ಒಂದು ಗಿಡದಲ್ಲಿ 1 ಲಕ್ಷ 86 ಸಾವಿರಕ್ಕೂ ಹೆಚ್ಚು. ಎಲ್ಲವೂ ಮೊಳೆತರೆ ಆ ಒಂದೇ ಗಿಡದ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಹೆಚ್ಚುಕಡಿಮೆ ಮುಚ್ಚಿಬಿಡಬೇಕು. ಹಾಗಾಗುವುದಿಲ್ಲ, ಏಕೆ? ಉತ್ತರ ಸಿಗದೆಯೇ 1882ರಲ್ಲಿ ತೀರಿಕೊಂಡರು.

ಉತ್ತರದ ದೊಡ್ಡ ಪಾಲು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಅವರಿಗೆ ಹೊಳೆಯಿತು. ಧೂಳಿನಷ್ಟು ಸಣ್ಣ ಈ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟು ಒಳಹೊಕ್ಕು ಉಣಿಸಿದರಷ್ಟೇ ಮೊಳೆಯುತ್ತದೆ.

ಕಾಡಿನ ಗಿಡ ಕಿತ್ತು ತೋಟದಲ್ಲಿಟ್ಟರೆ ಬಹುಪಾಲು ಸಾಯುವುದಕ್ಕೆ ಈ ಬೂಷ್ಟಿನ ನಂಟು ಕಡಿಯುವುದೂ ಒಂದು ಕಾರಣ. ಅಲ್ಲಿನ ತೋಟಗಾರರು ಸಾಕಿ ಬೆಳೆಸಿದ ಗೆಡ್ಡೆಯನ್ನೇ ಕೊಳ್ಳುತ್ತಾರೆ. ಗೊಬ್ಬರ ತುಂಬಿದ ಮಣ್ಣು ಇದಕ್ಕೆ ಆಗದು, ಬಡ ನೆಲವೇ ಸರಿ. ಹಳೆಯ ಗೆಡ್ಡೆ ಸೊರಗಿದಂತೆ ಪಕ್ಕದಲ್ಲಿ ಮುಂದಿನ ವರ್ಷದ ಹೊಸ ಗೆಡ್ಡೆ ತುಂಬಿಕೊಳ್ಳುತ್ತದೆ. ಅದಕ್ಕಾಗಿ ಎಲೆ ತಾನಾಗಿ ಹಳದಿಯಾಗುವವರೆಗೆ, ಬೀಜ ಉದುರುವವರೆಗೆ, ಹುಲ್ಲಿಗೆ ಕುಡುಗೋಲು ಹಾಕುವುದಿಲ್ಲ.